ದಂಡಿನಿಂದ ದಿಬ್ಬಣಕ್ಕೆ: ವಾದ್ಯ ಮಂಟಪದ ಕತೆ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಮದುವೆಯ ದಿಬ್ಬಣವೋ ಗಣಪತಿಯ ಮೆರವಣಿಗೆಯೋ ಹೊರಟಾಗ ಓಲಗ, ಡೊಳ್ಳುಗಳ ಜೊತೆಗೆ ಒಮ್ಮೊಮ್ಮೆ ಬ್ಯಾಂಡ್‌ಸೆಟ್ಟೂ ಇರುತ್ತದೆ. ಹೆಗಲ ಮೇಲೆ ಜರಿಪಟ್ಟಿ, ಎದೆಯ ಮೇಲೆ ಹೊಳೆಯುವ ಗುಂಡಿಗಳ ಸಾಲು, ತಲೆಗೆ ಟೋಪಿ, ಕೈಯಲ್ಲಿ ಕ್ಲಾರಿನೆಟ್ಟು. ಮದುವೆಯಲ್ಲಿ ವಾದ್ಯ ನುಡಿಸುವವರಿಗೆ ಸಿಪಾಯಿಯ ಉಡುಪೇಕೆ? ಉತ್ತರ ಸರಳ. ಈ ವಾದ್ಯಮೇಳ ಹುಟ್ಟಿದ್ದೇ ದಂಡಿನಲ್ಲಿ.

ಯುದ್ಧಕಾಲದಲ್ಲಿ ಸೈನಿಕರ ಹೆಜ್ಜೆಗೆ ತಾಳ ಕೊಡುವುದು, ಸಂಕೇತ ಮುಟ್ಟಿಸುವುದು ಸೇನಾ ವಾದ್ಯಗಳ ಕೆಲಸ. 18ನೇ ಶತಮಾನದಲ್ಲಿ ಯುರೋಪಿನ ಪಡೆಗಳು ತುರ್ಕಿಯ ಸೈನ್ಯದಿಂದ ದೊಡ್ಡ ನಗಾರಿ, ಕಂಚಿನ ತಾಳಗಳನ್ನು ಕಲಿತು ತಮ್ಮ ಬ್ಯಾಂಡಿಗೆ ಸೇರಿಸಿಕೊಂಡವು. ಯುದ್ಧವಿಲ್ಲದ ದಿನಗಳಲ್ಲಿ ಅದೇ ಬ್ಯಾಂಡು ಉದ್ಯಾನಗಳಲ್ಲಿ ಜನರಿಗಾಗಿ ನುಡಿಸತೊಡಗಿತು. ಅದಕ್ಕೆಂದು ಕಟ್ಟಿದ್ದೇ ಬ್ಯಾಂಡ್‌ಸ್ಟ್ಯಾಂಡ್. ಎತ್ತರದ ಜಗಲಿ, ಸಾಮಾನ್ಯವಾಗಿ ಎಂಟು ಮೂಲೆ, ತೆಳುವಾದ ಕಂಬಗಳು, ಮೇಲೊಂದು ಸೂರು. ಗೋಡೆಯಿಲ್ಲದ್ದರಿಂದ ಸುತ್ತಲಿದ್ದವರಿಗೆಲ್ಲ ನಾದ ಕೇಳಿಸುತ್ತದೆ. ನಾದ ಮೇಲಕ್ಕೆ ಹಾರಿಹೋಗದಂತೆ ಸೂರು ಅದನ್ನು ಜನರತ್ತ ತಿರುಗಿಸುತ್ತದೆ.

ಈ ಮಂಟಪಕ್ಕೆ ಬೇರೊಂದು ಅರ್ಥ ಬಂದದ್ದು ಅಮೆರಿಕದಲ್ಲಿ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಆಶ್ರಯಧಾಮಗಳನ್ನು ತೆರೆಯುವ ಕಾನೂನಿಗೆ ಅಧ್ಯಕ್ಷ ಲಿಂಕನ್ 1865ರ ಮಾರ್ಚ್‌ನಲ್ಲಿ ಸಹಿ ಹಾಕಿದರು. ಓಹಾಯೋ ರಾಜ್ಯದ ಡೇಟನ್‌ನಲ್ಲಿದ್ದ ಧಾಮದಲ್ಲಿ ಆಸ್ಪತ್ರೆ, ಪುಸ್ತಕಾಲಯ, ತೋಟಗಳ ಜೊತೆಗೆ ಬ್ಯಾಂಡ್‌ಸ್ಟ್ಯಾಂಡೂ ಇತ್ತು. ಊಟ, ಔಷಧ ಕೊಟ್ಟರೆ ಸಾಲದು, ಗಾಯಗೊಂಡವನ ಸಂಜೆಯನ್ನೂ ತುಂಬಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಹೊರಗಿನ ಜನರೂ ಅಲ್ಲಿಗೆ ವಿಹಾರಕ್ಕೆ ಬರುತ್ತಿದ್ದರು. ಹೀಗಾಗಿ ಮಾಜಿ ಸೈನಿಕ ಸಮಾಜದಿಂದ ದೂರವಾಗಲಿಲ್ಲ; ಸಮಾಜವೇ ಅವನಿದ್ದಲ್ಲಿಗೆ ಬಂತು.

ನಮ್ಮ ನಾಡಿಗೆ ಈ ಮಂಟಪ ಬಂದದ್ದು ಬ್ರಿಟಿಷ್ ಸೈನ್ಯದ ಜೊತೆ. 1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ಸೇನಾ ನೆಲೆ ಸ್ಥಾಪನೆಯಾಯಿತು. ಜನ ಅದನ್ನು ಕರೆದದ್ದು ‘ದಂಡು’ ಎಂದೇ. ದಂಡಿಗೂ ಹಳೆಯ ಪೇಟೆಗೂ ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನಲ್ಲಿ ಮುಂದೆ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಎದ್ದಿತು. ಬ್ರಿಟಿಷ್ ಪಡೆಗಳ ಬ್ಯಾಂಡು ಅಲ್ಲಿ ನುಡಿಸುತ್ತಿದ್ದುದು ಮುಖ್ಯವಾಗಿ ದಂಡಿನವರ ಮನರಂಜನೆಗಾಗಿ. ಆದರೆ ಗೋಡೆಯಿಲ್ಲದ ಮಂಟಪದ ನಾದಕ್ಕೆ ದಂಡು, ಪೇಟೆ ಎಂಬ ಭೇದವೆಲ್ಲಿಯದು?

ಈ ವಾದ್ಯಗಳನ್ನು ನಮ್ಮದಾಗಿಸಿದ ಕೀರ್ತಿ ಮೈಸೂರು ಅರಮನೆಗೆ ಸಲ್ಲಬೇಕು. ಅಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಬ್ಯಾಂಡೂ ಬೆಳೆಯಿತು. ತಲೆತಲಾಂತರದಿಂದ ಬಾಯಿಪಾಠವಾಗಿ ಬಂದ ಕೀರ್ತನೆಗಳು ಕ್ಲಾರಿನೆಟ್ಟು, ಸ್ಯಾಕ್ಸೊಫೋನುಗಳಲ್ಲಿ ಹೊರಹೊಮ್ಮಿದವು. ಈ ಎರಡೂ ಬಗೆಯ ವಾದನವನ್ನು ಪೊಲೀಸ್ ಬ್ಯಾಂಡ್ ಮುಂದುವರಿಸಿಕೊಂಡು ಬಂದಿದೆ. ದಸರಾ ಸಂದರ್ಭದಲ್ಲಿ ಅರಮನೆಯ ಮುಂದೆ ಅದನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಾರೆ.

ಹಾಗೆ ನೋಡಿದರೆ ಸೈನ್ಯಕ್ಕೂ ಮಂಟಪಕ್ಕೂ ಇರುವ ನಂಟು ತರೀಕೆರೆಯ ಸೀಮೆಗೆ ಹೊಸದೇನಲ್ಲ. ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ. ಕಡೆದ ಕಂಬಗಳ ಅದರ ತೆರೆದ ಮಂಟಪದಲ್ಲಿ ನಿಂತವರಿಗೆ, ಕತ್ತಿ ಹಿಡಿದವನೂ ಕೊನೆಗೆ ಬಿಟ್ಟುಹೋಗಬಯಸಿದ್ದು ಹತ್ತು ಜನ ಸೇರುವ ತಾಣವನ್ನೇ ಎಂಬುದು ಹೊಳೆಯದಿರದು.

ಮಂಟಪ ಉಳಿಸುವುದು ಕಷ್ಟವಲ್ಲ. ಕಂಬಕ್ಕೆ ಬಣ್ಣ ಬಳಿದು, ಸೂರು ರಿಪೇರಿ ಮಾಡಿದರೆ ಆಯಿತು. ಕಬ್ಬನ್ ಪಾರ್ಕಿನ ಮಂಟಪ ಉಳಿದಿದೆ, ಅಲ್ಲಿ ಆಗಾಗ ಕಛೇರಿಗಳೂ ನಡೆದಿವೆ. ಉಳಿಸಲು ಕಷ್ಟವಾದದ್ದು ವಾದ್ಯಗಾರರನ್ನು. ದಂಡಿನಲ್ಲಿ ಬ್ಯಾಂಡಿನವನಿಗೆ ಸಂಬಳವಿತ್ತು, ಅರಮನೆಯಲ್ಲಿ ಆಶ್ರಯವಿತ್ತು. ದಿಬ್ಬಣದ ಮುಂದೆ ಊದುವವನಿಗೆ ಇರುವುದು ಮದುವೆಯ ಕಾಲದ ಕೂಲಿ ಮಾತ್ರ. ಈಗ ಅದಕ್ಕೂ ಡಿ.ಜೆ. ಪೆಟ್ಟಿಗೆಗಳ ಪೈಪೋಟಿ. ಸಿಪಾಯಿಯ ಉಡುಪು ಅವನಿಗೆ ದಕ್ಕಿತು, ಸಿಪಾಯಿಯ ಪಿಂಚಣಿ ದಕ್ಕಲಿಲ್ಲ. ನುಡಿಸುವವರೇ ಇಲ್ಲವಾದರೆ ಎಂಟು ಮೂಲೆಯ ಮಂಟಪ ಮಳೆಗೆ ನಿಲ್ಲುವ ಚಪ್ಪರವಾಗಿ ಉಳಿದೀತು, ಅಷ್ಟೆ.