ಸ್ಕಾರ್ಫ್ ಕಟ್ಟೋ ಕೈ ಯಾರದು?

ಭಾರತದ ಮೊದಲ ಸ್ಕೌಟ್ ದಳ ಶುರುವಾಗಿದ್ದು ಎಲ್ಲಿ ಅಂತ ಯಾವುದಾದರೂ ಕ್ವಿಜ್‌ನಲ್ಲಿ ಕೇಳಿದರೆ ಹೆಚ್ಚಿನವರು ಕಲ್ಕತ್ತಾ ಅಂತಲೋ ಬಾಂಬೆ ಅಂತಲೋ ಹೇಳಿ ಕೂರುತ್ತಾರೆ. ಉತ್ತರ ನಮ್ಮ ಬೆಂಗಳೂರು. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬಾತ ಇಲ್ಲಿ ದಳ ಕಟ್ಟಿ ಲಂಡನ್ನಿನ ಕೇಂದ್ರ ಕಚೇರಿಯಲ್ಲಿ ನೋಂದಾಯಿಸಿದ. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಇಪ್ಪತ್ತು ಹುಡುಗರನ್ನು ಕರಕೊಂಡು ಹೋಗಿ ಮೊದಲ ಶಿಬಿರ ನಡೆಸಿದ್ದು 1907ರ ಆಗಸ್ಟಿನಲ್ಲಿ. ಅಂದರೆ ಎರಡೇ ವರ್ಷದಲ್ಲಿ ಆ ಗಾಳಿ ಇಲ್ಲಿಗೆ ಬೀಸಿತ್ತು. ಹೊಸದೇನೇ ಬಂದರೂ ಮೊದಲು ನಮ್ಮೂರಿಗೇ ಬರುತ್ತೆ ಅಂತ ಬೀಗೋ ನಮಗೆ ಇನ್ನೊಂದು ನೆಪ ಸಿಕ್ಕಿತು.

ಆದರೆ ತುಂಬಾ ಬೀಗೋ ಹಾಗಿಲ್ಲ. ಆ ದಳಕ್ಕೆ ನಮ್ಮ ಹುಡುಗರಿಗೆ ಪ್ರವೇಶ ಇರಲಿಲ್ಲ. ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಮುಂದಿನ ಎರಡು ವರ್ಷಗಳಲ್ಲಿ ಪುಣೆ ಹತ್ತಿರದ ಕಿರ್ಕೀ, ಶಿಮ್ಲಾ, ಮದರಾಸು, ಜಬಲ್ಪುರಗಳಲ್ಲಿ ಹುಟ್ಟಿಕೊಂಡ ದಳಗಳಲ್ಲೂ ಇದೇ ನಿಯಮ. ಆಗಿನ ಬೆಂಗಳೂರೇ ಎರಡು ಊರು ಅನ್ನೋದನ್ನ ನೆನಪಿಡಿ. ಈ ಕಡೆ ಮೈಸೂರು ಅರಸರ ಪೇಟೆ, ಆ ಕಡೆ ಬ್ರಿಟಿಷರ ದಂಡು ಪ್ರದೇಶ, ನಡುವೆ ಕಬ್ಬನ್ ಪಾರ್ಕು. ಪಾರ್ಕಿನ ಆ ಕಡೆ ಶುರುವಾದ ಆಟ ಈ ಕಡೆಯ ಮಕ್ಕಳಿಗೆ ಇರಲಿಲ್ಲ.

ಇದರಲ್ಲೊಂದು ತಮಾಷೆ ಇದೆ. ನಾನು ಹೈಸ್ಕೂಲಿನಲ್ಲಿ ಸ್ಕೌಟ್ ಆಗಿದ್ದಾಗ ನಮ್ಮ ಮೇಷ್ಟ್ರು ಒಂದು ಆಟ ಆಡಿಸೋರು. ತಟ್ಟೆಯಲ್ಲಿ ಇಪ್ಪತ್ತು ಇಪ್ಪತ್ತೈದು ಸಾಮಾನು ಇಟ್ಟು, ಒಂದು ನಿಮಿಷ ತೋರಿಸಿ, ಮೇಲೊಂದು ಟವೆಲ್ ಮುಚ್ಚಿಬಿಡೋರು. ಏನೇನಿತ್ತು ಅಂತ ನಾವು ಬರೀಬೇಕು. ಅದಕ್ಕೆ 'ಕಿಮ್ಸ್ ಗೇಮ್' ಅಂತ ಹೆಸರು. ಈ ಕಿಮ್ ಯಾರು? ರುಡ್ಯಾರ್ಡ್ ಕಿಪ್ಲಿಂಗ್‌ನ ಕಾದಂಬರಿಯಲ್ಲಿ ಲಾಹೋರಿನ ಬೀದಿಗಳಲ್ಲಿ ಬೆಳೆದ ಹುಡುಗ. 1916ರಲ್ಲಿ ಚಿಕ್ಕ ಮಕ್ಕಳಿಗಾಗಿ 'ವುಲ್ಫ್ ಕಬ್ಸ್' ಶುರು ಮಾಡಿದಾಗಲೂ ಬೇಡನ್ ಪೊವೆಲ್ ಹೆಸರುಗಳನ್ನು ತಂದದ್ದು ಮಧ್ಯಭಾರತದ ಕಾಡಿನ ಕತೆಯಾದ 'ಜಂಗಲ್ ಬುಕ್'ನಿಂದ. ಇಂಗ್ಲೆಂಡಿನ ಮಕ್ಕಳು ತಮ್ಮ ನಾಯಕನನ್ನು 'ಅಕೇಲಾ' ಅಂತ ಕರೀತಿದ್ದರು. ಕತೆ ನಮ್ಮದು, ಕಾಡು ನಮ್ಮದು, ಹೆಸರು ನಮ್ಮದು. ಆದರೆ ದಳದೊಳಗೆ ನಮ್ಮ ಮಕ್ಕಳು ಮಾತ್ರ ಬೇಡ.

ಯಾಕೆ ಬೇಡ? ಸರ್ಕಾರಕ್ಕೆ ಭಯ. 1905ರಲ್ಲಿ ಬಂಗಾಳ ವಿಭಜನೆ ಆದಮೇಲೆ ಅಲ್ಲಿ ಕಸರತ್ತು ಮಾಡುವ ಹುಡುಗರ ಗುಂಪುಗಳೇ ಕ್ರಾಂತಿಕಾರಿಗಳ ಕೂಟಗಳಾಗಿದ್ದವು. ಅಂಥ ಹುಡುಗರಿಗೆ ಜಾಡು ಹಿಡಿಯೋದು, ಸಂಕೇತ ಕಳಿಸೋದು, ಸಾಲಾಗಿ ಹೆಜ್ಜೆ ಹಾಕೋದು ಎಲ್ಲ ಹೇಳಿಕೊಟ್ಟರೆ ನಾಳೆ ಯಾರ ಮೇಲೆ ಬರುತ್ತೆ ಅನ್ನೋ ಅನುಮಾನ. ಬಾಯಲ್ಲಿ ಶೀಲ ಸಂವರ್ಧನೆ, ಮನಸ್ಸಿನಲ್ಲಿ ರಾಜದ್ರೋಹದ ಲೆಕ್ಕಾಚಾರ.

ಇಲ್ಲಿ ನನಗೆ ಇಷ್ಟವಾಗೋದು ನಮ್ಮವರು ಕೊಟ್ಟ ಉತ್ತರ. ಸೇರಿಸಿಕೊಳ್ಳಿ ಅಂತ ಅರ್ಜಿ ಹಿಡಿದು ಕೂರಲಿಲ್ಲ, ತಾವೇ ದಳ ಕಟ್ಟಿದರು. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಹುಡುಗರಿಗಾಗಿ ಬೇರೆ ಸ್ಕೌಟ್ ಸಂಘ ಶುರು ಮಾಡಿದರು. ಉತ್ತರದಲ್ಲಿ ಶ್ರೀರಾಮ್ ಬಾಜಪೇಯಿ, ಹೃದಯನಾಥ ಕುಂಜ್ರೂ ಮತ್ತು ಮದನ ಮೋಹನ ಮಾಳವೀಯರು ಸೇರಿ ಅಲಹಾಬಾದಿನಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. ಕುಂಭಮೇಳದಂಥ ಜನಸಾಗರದಲ್ಲಿ ಕಳೆದುಹೋದವರನ್ನು ಹುಡುಕೋದು, ಮುದುಕರನ್ನು ನದಿಗೆ ಇಳಿಸಿ ಹತ್ತಿಸೋದು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳೋದು ಸೇವಾ ಸಮಿತಿಯವರು ಮಾಡಿಕೊಂಡು ಬಂದ ಕೆಲಸ. ದಿನಕ್ಕೊಂದು ಒಳ್ಳೇ ಕೆಲಸ ಮಾಡು ಅಂತ ಸ್ಕೌಟಿಗೆ ಹೇಳಿಕೊಡ್ತಾರಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಮೈದಾನ ಎಲ್ಲಿ ಸಿಗಬೇಕು?

ಸರ್ಕಾರ ಸುಮ್ಮನಿರಲಿಲ್ಲ. 1917ರ ಜೂನ್‌ನಲ್ಲಿ ಹೋಮ್‌ರೂಲ್ ಚಳವಳಿಗಾಗಿ ಬೆಸೆಂಟ್, ಅರುಂಡೇಲ್ ಮತ್ತು ಬಿ. ಪಿ. ವಾಡಿಯಾರನ್ನು ಊಟಿಯಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಮದರಾಸಿನ ಹುಡುಗರಿಗೆ ಸ್ಕಾರ್ಫ್ ಕಟ್ಟಿದ ಇಬ್ಬರೂ ಈಗ ಸರ್ಕಾರದ ಕಣ್ಣಲ್ಲಿ ಅಪಾಯಕಾರಿಗಳು. ಮಕ್ಕಳನ್ನು ಇವರ ಕೈಗೆ ಕೊಡಬಹುದಾ ಅಂತ ದೊಡ್ಡವರು ಕೇಳುವ ಪ್ರಶ್ನೆ ನಮ್ಮ ದೇಶದಲ್ಲಿ ಹೀಗೆ ಶುರುವಾಯಿತು. ಆ ಪ್ರಶ್ನೆಗೆ ಅಂದು ಇದ್ದ ಅಳತೆಗೋಲು ಒಂದೇ: ಈ ಮನುಷ್ಯ ಯಾರಿಗೆ ನಿಷ್ಠ?

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಎಲ್ಲರನ್ನೂ ಒಂದು ಮಾಡುವ ಮಾತುಕತೆ ನಡೆಯಿತು. ಬೆಸೆಂಟ್ ಅವರ ಸಂಘ ವಿಲೀನವಾಯಿತು. ಸೇವಾ ಸಮಿತಿ ಹೊರಗೇ ಉಳಿಯಿತು. ಅಡ್ಡ ಬಂದದ್ದು ಮುಖ್ಯವಾಗಿ ಪ್ರತಿಜ್ಞೆಯಲ್ಲಿದ್ದ ಒಂದು ಪದ. ದೇವರಿಗೂ ರಾಜನಿಗೂ ಕರ್ತವ್ಯ ಸಲ್ಲಿಸುತ್ತೇನೆ ಅಂತ ಪ್ರತಿ ಸ್ಕೌಟ್ ಹೇಳಬೇಕಿತ್ತು. ರಾಜ ಅಂದರೆ ಐದನೇ ಜಾರ್ಜ್. ಬೆಸೆಂಟ್ ಕೇಳುತ್ತಿದ್ದ ಸ್ವರಾಜ್ಯ ಸಾಮ್ರಾಜ್ಯದ ಒಳಗಿನದ್ದೇ ಆದ್ದರಿಂದ ಆ ಪದ ಅವರ ಗಂಟಲಲ್ಲಿ ಅಷ್ಟಾಗಿ ಸಿಕ್ಕಿಕೊಂಡಿರಲಿಕ್ಕಿಲ್ಲ. ಅಲಹಾಬಾದಿನವರಿಗೆ ಸಿಕ್ಕಿಕೊಂಡಿತು. ಹನ್ನೆರಡು ವರ್ಷದ ಹುಡುಗನ ಬಾಯಲ್ಲಿ ಆ ಮಾತು ಹೇಳಿಸೋಕೆ ಅವರು ಒಪ್ಪಲಿಲ್ಲ.

ಒಳಗೆ ಹೋಗಿ ಸರಿಮಾಡೋದಾ, ಹೊರಗೆ ನಿಂತು ಕಟ್ಟೋದಾ? ಆಫೀಸಿನಲ್ಲಿ, ಅಸೋಸಿಯೇಷನ್‌ನಲ್ಲಿ ನಾವು ಇವತ್ತೂ ಇದೇ ಜಗಳ ಆಡ್ತೀವಿ. ಅಂದಿನ ಸ್ವಯಂಸೇವಕರಲ್ಲಿ ಎರಡೂ ಥರದವರು ಇದ್ದರು. ನಾಗ್ಪುರದ ನ್ಯಾಯಮೂರ್ತಿ, ಮುಂದೆ ಸುಪ್ರೀಂ ಕೋರ್ಟಿಗೂ ಹೋದ ವಿವಿಯನ್ ಬೋಸ್ ಅಧಿಕೃತ ಸಂಘದ ಒಳಗಿದ್ದೇ ದುಡಿದವರು. ಕುಂಜ್ರೂ ಹೊರಗೆ ನಿಂತವರು. ಇಬ್ಬರಲ್ಲಿ ಯಾರನ್ನೂ ಹೇಡಿ ಅಥವಾ ಹಠಮಾರಿ ಅಂತ ಬದಿಗೆ ಸರಿಸೋಕೆ ನನ್ನ ಮನಸ್ಸು ಒಪ್ಪೋಲ್ಲ.

1937ರಲ್ಲಿ ಎಂಬತ್ತರ ಬೇಡನ್ ಪೊವೆಲ್ ಮತ್ತೆ ಬಂದರು. ದೆಹಲಿಯಲ್ಲಿ ಅಖಿಲ ಭಾರತ ಜಾಂಬೂರಿ ನಡೆಯಿತು. ಆದರೆ ಆ ಭೇಟಿಯ ಬೆನ್ನಿಗೇ ಭಾರತೀಯರ ಶೀಲ ಸ್ವಭಾವದ ಬಗ್ಗೆ ಅವರು ಹಗುರವಾಗಿ ಮಾತಾಡಿದರು ಅನ್ನೋ ಸುದ್ದಿ ಹಬ್ಬಿ ಗದ್ದಲವಾಯಿತು. 1938ರಲ್ಲಿ ಅನೇಕ ಸ್ಕೌಟ್ ಮಾಸ್ಟರ್‌ಗಳು, ಸ್ಕೌಟ್‌ಗಳು ಅಧಿಕೃತ ಸಂಘ ಬಿಟ್ಟು ಹೊರಬಂದರು. ಅವರು, ಸೇವಾ ಸಮಿತಿಯವರು, ದೇಶೀ ಸಂಸ್ಥಾನಗಳ ಸ್ಕೌಟ್‌ಗಳು ಸೇರಿ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ಮಾಡಿಕೊಂಡರು. ಇದರಲ್ಲಿ ಹುಡುಗ ಹುಡುಗಿಯರು ಇಬ್ಬರಿಗೂ ಜಾಗವಿತ್ತು. ದೇಶದಲ್ಲಿ ಈ ಕ್ಷೇತ್ರದ ಮೊದಲ ಸಹಶಿಕ್ಷಣ ಸಂಸ್ಥೆ ಅಂತ ಅದನ್ನು ಗುರುತಿಸುತ್ತಾರೆ. ಸಿಟ್ಟಿನಲ್ಲಿ ಮನೆ ಬಿಟ್ಟು ಬಂದವರು ಕಟ್ಟಿದ ಹೊಸ ಮನೆಯಲ್ಲಿ ಹಳೇ ಮನೆಗಿಂತ ಒಂದು ಬಾಗಿಲು ಹೆಚ್ಚಿಗೆ ಇತ್ತು.

ಆಮೇಲೆ 1947 ಬಂತು. ರಾಜನ ಪ್ರಶ್ನೆ ತಾನಾಗೇ ತೀರಬೇಕಿತ್ತು. 1950ರ ಜನವರಿಯಲ್ಲಿ ಗಣರಾಜ್ಯವೂ ಆಯಿತು. ಆದರೂ ಎರಡು ಸಂಘಗಳು ಒಂದಾಗಿದ್ದು 1950ರ ನವೆಂಬರ್ 7ರಂದು. ಪದ ಹೋದರೂ ಜಗಳ ಹೋಗಲು ಮೂರು ವರ್ಷ ಬೇಕಾಯಿತು ಅಂದರೆ ಜಗಳ ಬರೀ ಪದದ್ದಾಗಿರಲಿಲ್ಲ, ಕುರ್ಚಿಯದ್ದೂ ಆಗಿತ್ತು ಅಂತ ನನ್ನ ಊಹೆ. ನೆಹರೂ, ಶಿಕ್ಷಣ ಮಂತ್ರಿ ಮೌಲಾನಾ ಆಜಾದ್, ಶಿಕ್ಷಣ ಕಾರ್ಯದರ್ಶಿ ತಾರಾ ಚಂದ್ ಎಲ್ಲರೂ ಕೈ ಹಾಕಬೇಕಾಯಿತು. ಒಳಗಿದ್ದ ಬೋಸ್, ಹೊರಗಿದ್ದ ಕುಂಜ್ರೂ ಮತ್ತು ಬಾಜಪೇಯಿ ಇಬ್ಬದಿಯಿಂದ ಬಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗುವಂತೆ ನೋಡಿಕೊಂಡರು. ಗರ್ಲ್ ಗೈಡ್ಸ್ 1951ರ ಆಗಸ್ಟ್ 15ರಂದು ಸೇರಿಕೊಂಡಿತು.

ಅವರ ಪ್ರತಿಜ್ಞೆಯನ್ನು ಯಾವಾಗಲಾದರೂ ಗಮನಿಸಿ ನೋಡಿ. ರಾಜ ಇದ್ದ ಜಾಗದಲ್ಲಿ ದೇಶ ಇದೆ. ದೇವರು ಅನ್ನುವ ಪದದ ಬದಲು ಬೇಕಾದವರು ಧರ್ಮ ಅಂತ ಹೇಳಬಹುದು ಅಂತ ಒಂದು ಅಡಿಟಿಪ್ಪಣಿ ಇದೆ. ಜೈನರ ಮನೆಯ ಮಗು, ಬೌದ್ಧರ ಮನೆಯ ಮಗು ತೊದಲದೆ ಹೇಳೋಕೆ ಒಂದು ದಾರಿ. ಯಾರನ್ನೂ ಆಚೆ ಹಾಕದೆ ಪದವನ್ನೇ ಸ್ವಲ್ಪ ಅಗಲ ಮಾಡಿದರು. ಗೆದ್ದ ವಾದಗಳಿಗಿಂತ ನನಗೆ ಆ ಅಡಿಟಿಪ್ಪಣಿ ದೊಡ್ಡದಾಗಿ ಕಾಣುತ್ತೆ.

ನಾವು ಈ ಪ್ರಶ್ನೆ ದಾಟಿದ ಎಷ್ಟೋ ದಶಕಗಳ ಮೇಲೆ ಅಮೆರಿಕ ಅದೇ ಪ್ರಶ್ನೆಯಲ್ಲಿ ಸಿಕ್ಕಿಬಿತ್ತು. ಅಲ್ಲಿ ಪದ ಬೇರೆ, ಪರೀಕ್ಷೆ ಅದೇ. ಜೇಮ್ಸ್ ಡೇಲ್ ಎಂಬ ನ್ಯೂಜೆರ್ಸಿಯ ಯುವಕ ಈಗಲ್ ಸ್ಕೌಟ್ ಆಗಿದ್ದವನು, ಅಂದರೆ ಅಲ್ಲಿನ ಅತ್ಯುನ್ನತ ದರ್ಜೆ ಗಳಿಸಿದವನು, ಸಹಾಯಕ ಸ್ಕೌಟ್ ಮಾಸ್ಟರ್. ಅವನು ಸಲಿಂಗಿ ಅಂತ ಪತ್ರಿಕೆಯ ವರದಿಯಿಂದ ಗೊತ್ತಾದ ಮೇಲೆ 1990ರಲ್ಲಿ ಹೊರಹಾಕಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಖಾಸಗಿ ಸಂಸ್ಥೆಗೆ ತನ್ನ ಸದಸ್ಯರನ್ನು ಆರಿಸಿಕೊಳ್ಳುವ ಹಕ್ಕಿದೆ ಅಂತ 2000ದಲ್ಲಿ 5-4ರ ತೀರ್ಪು ಬಂತು. ಮುಂದಿನ ಹದಿನೈದು ವರ್ಷ ಅಲ್ಲಿನ ಅಪ್ಪ ಅಮ್ಮಂದಿರು, ಚರ್ಚುಗಳು, ಸ್ಕೌಟ್ ಮಾಸ್ಟರ್‌ಗಳು ಇದೊಂದೇ ವಿಷಯಕ್ಕೆ ಕಾದಾಡಿದರು. 2013ರಲ್ಲಿ ಸಲಿಂಗಿ ಹುಡುಗರು ಸದಸ್ಯರಾಗಬಹುದು ಅಂತ ಸ್ವಯಂಸೇವಕರ ಮಂಡಳಿ ಮತ ಹಾಕಿತು. ಆದರೆ ದೊಡ್ಡವರ ಮೇಲಿನ ನಿಷೇಧ ಉಳಿಯಿತು. ಹದಿನೇಳರ ಹುಡುಗ ಸ್ಕೌಟ್ ಆಗಿರಬಹುದು, ವಯಸ್ಕನಾದ ಮೇಲೆ ನಾಯಕನಾಗಬಾರದು! 2015ರ ಜುಲೈನಲ್ಲಿ ಅದೂ ಹೋಯಿತು. ಚರ್ಚುಗಳು ನಡೆಸುವ ದಳಗಳಿಗೆ ತಮ್ಮಿಷ್ಟದಂತೆ ನಾಯಕರನ್ನು ಆರಿಸುವ ಅವಕಾಶ ಉಳಿಸಿದರು.

ಈ ಕಾದಾಟದ ಪಕ್ಕದಲ್ಲೇ ಇನ್ನೊಂದು ಕಪಾಟು ಇತ್ತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪ ಹೊತ್ತ ಸ್ವಯಂಸೇವಕರ ಕಡತಗಳನ್ನು ಆ ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. ಕೋರ್ಟ್ ಆದೇಶದಂತೆ 2012ರಲ್ಲಿ ಸಾವಿರಕ್ಕೂ ಹೆಚ್ಚು ಕಡತಗಳು ಹೊರಬಿದ್ದವು. 2020ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ದೌರ್ಜನ್ಯಕ್ಕೆ ಒಳಗಾದೆವು ಅಂತ ಪರಿಹಾರ ಕೇಳಿದ ದಾವೆಗಳು 82,000ಕ್ಕೂ ಹೆಚ್ಚು. ಪ್ರತಿಜ್ಞೆಯನ್ನು ತಪ್ಪಿಲ್ಲದೆ ಹೇಳುವ, ಯಾವ ಪ್ರಶ್ನೆಯಲ್ಲೂ ಸಿಕ್ಕಿಬೀಳದ 'ಸರಿಯಾದ' ಮನುಷ್ಯರು ಒಳಗಿದ್ದರು. ಬಾಗಿಲಲ್ಲಿ ಮಾತ್ರ ಡೇಲ್‌ನಂಥವರ ತಪಾಸಣೆ ನಡೀತಿತ್ತು.

ಸಾವಿರಾರು ಮೈಲಿ ದೂರದ ಈ ಎರಡು ಕತೆಗಳನ್ನು ನಾನು ಪಕ್ಕಪಕ್ಕ ಇಟ್ಟಿದ್ದು ಇದಕ್ಕೇ. ನಮ್ಮಲ್ಲಿ ರಾಜ, ಅಲ್ಲಿ ಸಲಿಂಗ ಪ್ರೇಮ. ಎರಡೂ ಕಡೆ ದೊಡ್ಡವರು ನಾಯಕನಿಗೆ ಕೇಳಿದ್ದು "ನೀನು ಯಾರು, ಯಾರ ಕಡೆಯವನು" ಅಂತ. ಅವನ ಕೈಯಲ್ಲಿ ಮಗು ಹೇಗಿರುತ್ತೆ ಅನ್ನೋದನ್ನು ಕೇಳಲಿಲ್ಲ. ಮೊದಲ ಪ್ರಶ್ನೆ ಕೇಳೋದು ಸುಲಭ, ಫಾರ್ಮಿನಲ್ಲಿ ಒಂದು ಟಿಕ್ ಸಾಕು. ಎರಡನೆಯದಕ್ಕೆ ಶಿಬಿರಕ್ಕೆ ಹೋಗಬೇಕು, ನಿದ್ದೆಗೆಡಬೇಕು, ಕಣ್ಣಾರೆ ನೋಡಬೇಕು.

ಕಳೆದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳನ್ನು ಎರಡು ದಿನ ಊರಾಚೆ ಶಿಬಿರಕ್ಕೆ ಕರಕೊಂಡು ಹೋಗೋ ಯೋಜನೆ ಹಾಕಿದ್ದೆವು. ವಾಟ್ಸಾಪ್ ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಮೆಸೇಜ್ ಬಂದವು. ಬೆಳಗಿನ ಪ್ರಾರ್ಥನೆ ಯಾವುದು, ಊಟದಲ್ಲಿ ಮೊಟ್ಟೆ ಇರಬೇಕಾ, ಹಾಡು ಹೇಳಿಕೊಡೋಕೆ ಬರೋರ ರಾಜಕೀಯ ಒಲವು ಏನು, ಹುಡುಗ ಹುಡುಗಿಯರಿಗೆ ಒಟ್ಟಿಗೆ ಚಾರಣ ಬೇಕಾ. ಎಲ್ಲರೂ ಓದಿದವರು, ಎಲ್ಲರಿಗೂ ಅಭಿಪ್ರಾಯ ಇದೆ. ಇರಲಿ, ಅಂಥ ಮಾತು ಆಡಲೇಬೇಕು. ಕುಂಜ್ರೂ ಆಡಿದ್ದರಿಂದಲೇ ನಮ್ಮ ಮಕ್ಕಳು ಇವತ್ತು ಯಾವ ರಾಜನ ಹೆಸರೂ ಹೇಳಬೇಕಾಗಿಲ್ಲ.

ಆದರೆ ರಾತ್ರಿ ಮಕ್ಕಳ ಜತೆ ಇರೋರು ಯಾರು ಅಂತ ಕೇಳಿದ್ದು ಒಬ್ಬರೇ, ಎರಡನೇ ಮಹಡಿಯ ಒಬ್ಬ ನಿವೃತ್ತ ಮೇಡಂ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಗೈಡ್ ಕ್ಯಾಪ್ಟನ್ ಆಗಿದ್ದವರು. ಯಾವ ದೊಡ್ಡವರೂ ಒಂದು ಮಗುವಿನ ಜತೆ ಒಂಟಿಯಾಗಿ ಇರಕೂಡದು, ಪ್ರತಿ ಗುಂಪಿಗೂ ಇಬ್ಬರು ಬೇಕು, ಮಗು ಮನೆಗೆ ಫೋನ್ ಮಾಡ್ತೀನಿ ಅಂದರೆ ಯಾಕೆ ಅಂತ ಕೇಳದೆ ಕೊಡಬೇಕು. ಅವರು ಬರೆದದ್ದು ಇಷ್ಟೇ, ಮೂರು ಸಾಲು. ಅದಕ್ಕೆ ಯಾರೂ ವಾದ ಮಾಡಲಿಲ್ಲ, ಹೆಬ್ಬೆರಳಿನ ಗುರುತೂ ಬೀಳಲಿಲ್ಲ. ಅವತ್ತು ಸಂಜೆ ಆ ಮೂರು ಸಾಲು ಪ್ರಿಂಟ್ ತೆಗೆದು ಶಿಬಿರದ ಅರ್ಜಿಯ ಮೊದಲ ಪುಟಕ್ಕೆ ಪಿನ್ ಹೊಡೆದೆ. ಪ್ರಾರ್ಥನೆ ಯಾವುದು ಅನ್ನೋ ಚರ್ಚೆ ಆಗಿನ್ನೂ ನಡೀತಾನೇ ಇತ್ತು.