ನಂದಿನಿ ಯಾರ ಹಸು?

ಬೆಳಿಗ್ಗೆ ನಂದಿನಿ ಹಾಲಿನ ಕಾಫಿ, ಮಧ್ಯಾಹ್ನ ನಂದಿನಿ ಡಿಲಕ್ಸ್‌ನಲ್ಲಿ ಬಾಳೆಎಲೆ ಮೇಲೆ ಖಾರದ ಆಂಧ್ರ ಊಟ. ಬೆಂಗಳೂರಿನಲ್ಲಿ ಹೀಗೆ ದಿನ ಕಳೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಇವೆರಡೂ ಒಬ್ಬರದ್ದೇ ಅಂತ ಎಂದಾದರೂ ಅನ್ನಿಸಿತ್ತಾ? ನನಗಂತೂ ಇಲ್ಲ. ಆದರೆ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿ ಬಂತು!

ಹೆಸರನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸಿ ಕಾಪಾಡಿಕೊಳ್ಳುವ ಪದ್ಧತಿ ತೀರಾ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ 1875ರಲ್ಲಿ ಕಾಯ್ದೆ ಬಂತು, 1876ರಲ್ಲಿ ಬಾಸ್ ಬಿಯರ್ ಕಂಪನಿಯ ಕೆಂಪು ತ್ರಿಕೋನ ಒಂದನೇ ನಂಬರ್ ಪಡೆಯಿತು. ನಮ್ಮಲ್ಲಿ 1940ರ ಕಾಯ್ದೆಯವರೆಗೂ ಇಂಥ ಪುಸ್ತಕವೇ ಇರಲಿಲ್ಲ. ವ್ಯಾಪಾರಿಗಳು "ಈ ಗುರುತು ನಮ್ಮದು" ಅಂತ ಒಂದು ಘೋಷಣಾಪತ್ರ ನೋಂದಾಯಿಸಿಟ್ಟು, ಯಾರಾದರೂ ನಕಲು ಮಾಡಿದರೆ ಕೋರ್ಟಿಗೆ ಓಡುತ್ತಿದ್ದರು. ಆಮೇಲೆ 1958ರ ಕಾಯ್ದೆ. ಈಗ ನಡೆಯುತ್ತಿರುವುದು 1999ರದ್ದು, ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ.

ಈ 2003 ಯಾಕೆ ಮುಖ್ಯ ಅಂದರೆ, ಅಲ್ಲಿಯವರೆಗೆ ನಮ್ಮಲ್ಲಿ ವಸ್ತುಗಳಿಗೆ ಮಾತ್ರ ಟ್ರೇಡ್‌ಮಾರ್ಕ್ ಸಿಗುತ್ತಿತ್ತು, ಸೇವೆಗಳಿಗಲ್ಲ. ಅಂದರೆ 1989ರಲ್ಲಿ ಹೋಟೆಲಿಟ್ಟವರು ಸಾಂಬಾರ್ ಪುಡಿಗೆ ಹೆಸರು ರಿಜಿಸ್ಟರ್ ಮಾಡಿಸಬಹುದಿತ್ತು, ಊಟ ಬಡಿಸುವ ಕೆಲಸಕ್ಕೆ ಆಗುತ್ತಿರಲಿಲ್ಲ.

ಕೆಎಂಎಫ್ 'ನಂದಿನಿ' ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. ಹೋಟೆಲಿನವರು 1989ರಲ್ಲಿ. ಇಂಗ್ಲಿಷಿನಲ್ಲಿ ಬರೆದಾಗ ಹೋಟೆಲಿನ ಹೆಸರಿಗೆ ಒಂದು 'ಎಚ್' ಜಾಸ್ತಿ, ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಹೋಟೆಲಿನವರು ಮಾಂಸ, ಎಣ್ಣೆ, ಕಾಫಿ, ಅಕ್ಕಿ ಮುಂತಾದ ತಿನಿಸುಗಳಿಗೂ ಹೆಸರು ನೋಂದಾಯಿಸಲು ಹೊರಟಾಗ ಕೆಎಂಎಫ್ ಆಕ್ಷೇಪಣೆ ಹಾಕಿತು. 29 ಮತ್ತು 30ನೇ ವರ್ಗಗಳಲ್ಲಿ ಹೆಸರು ಈಗಾಗಲೇ ತಮ್ಮದಾಗಿದೆ ಎಂಬುದು ಅವರ ವಾದ. 2007ರಲ್ಲಿ ರಿಜಿಸ್ಟ್ರಾರ್ ಕಚೇರಿ ಹೋಟೆಲಿನ ಪರ. 2011ರಲ್ಲಿ ಮೇಲ್ಮನವಿ ಮಂಡಳಿ ಕೆಎಂಎಫ್ ಪರ. 2014ರಲ್ಲಿ ನಮ್ಮ ಹೈಕೋರ್ಟೂ ಕೆಎಂಎಫ್ ಪರ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೋಟೆಲಿನ ಪರ! ಹನ್ನೊಂದು ವರ್ಷ ಕಳೆದಿತ್ತು.

ನ್ಯಾಯಮೂರ್ತಿ ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರು ಹೇಳಿದ್ದು ನನಗೆ ತುಂಬಾ ಹಿಡಿಸಿತು. ನಂದಿನಿ ಯಾರೋ ಕೂತು ಹೊಸದಾಗಿ ಕಟ್ಟಿದ ಪದವಲ್ಲ. ಪುರಾಣದ ಹಸು, ದೇವಿಯ ಹೆಸರು. (ರಘುವಂಶದಲ್ಲಿ ದಿಲೀಪ ರಾಜ ಮೇಯಿಸಲು ಹೋಗುವುದು ಇದೇ ನಂದಿನಿಯನ್ನು, ನೆನಪಿದೆಯಾ?) ಒಂದು ಕಡೆ ಹಸುವಿನ ಚಿತ್ರ, ಇನ್ನೊಂದು ಕಡೆ ದೀಪದ ಚಿತ್ರ. ಒಂದು ಹಾಲಿನ ವ್ಯಾಪಾರ, ಇನ್ನೊಂದು ಹೋಟೆಲು. ಒಂದೇ ವರ್ಗದಲ್ಲಿದ್ದ ಮಾತ್ರಕ್ಕೆ ಇಡೀ ವರ್ಗ ಒಬ್ಬರದ್ದಾಗುವುದಿಲ್ಲ. ಒಂದೇ ಷರತ್ತು: ಹೋಟೆಲಿನವರಿಗೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಈ ಹೆಸರು ಸಿಗಲಿಲ್ಲ. ಅದನ್ನು ಬಿಟ್ಟುಕೊಡಲು ಅವರೇ ಒಪ್ಪಿದ್ದರು.

ವರ್ಗದ ಈ ಮಾತು ಹೊಸದಲ್ಲ. ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯ 'ಚಾರ್‌ಮಿನಾರ್' ಇಡೀ ತಂಬಾಕು ಪದಾರ್ಥಗಳಿಗೆ ನೋಂದಣಿಯಾಗಿತ್ತು. ಆದರೆ ಅವರು ಮಾಡುತ್ತಿದ್ದದ್ದು ಬರೀ ಸಿಗರೇಟು. ಜರ್ದಾ ಮಾಡುವವರು ಬಂದಾಗ 1996ರಲ್ಲಿ ಸುಪ್ರೀಂ ಕೋರ್ಟ್ ಆ ನೋಂದಣಿಯನ್ನು ಸಿಗರೇಟಿಗಷ್ಟೇ ಸೀಮಿತಗೊಳಿಸಿತು.

ಕೆಎಂಎಫ್ ಅಂದರೆ ನಮ್ಮೂರಿನ ರೈತರದ್ದು, ಅದಕ್ಕೆ ಏಟು ಬಿತ್ತಲ್ಲ ಅಂತ ಬೇಜಾರಾದವರೂ ಇದ್ದೀರಿ. ನನ್ನ ಲೆಕ್ಕದಲ್ಲಿ ಏಟೇನೂ ಬಿದ್ದಿಲ್ಲ. ಹಾಲು, ತುಪ್ಪ, ಪೇಡಾ ಮೇಲೆ ಬೇರೆಯವರು ನಂದಿನಿ ಅಂತ ಬರೆದರೆ ಈಗಲೂ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಅನ್ನದಂಗಡಿಯವನ ಹೆಸರನ್ನೂ ಕೇಳುವುದು ಸ್ವಲ್ಪ ಜಾಸ್ತಿಯಾಯ್ತು. ಏನಂತೀರಿ?

ಇದೆಲ್ಲ ಕೆದಕಲು ಕಾರಣ ನಮ್ಮತ್ತಿಗೆ. ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುತ್ತಾರೆ, ಅದಕ್ಕೆ ದೇವಿ ಹೆಸರಿಟ್ಟು ರಿಜಿಸ್ಟರ್ ಮಾಡಿಸಬೇಕಂತೆ. ನಾನು ಹೇಳಿದ್ದಿಷ್ಟು: ಮಾಡಿಸಿ ಅತ್ತಿಗೆ, ಆದರೆ ಊರೆಲ್ಲ ಇಡುವ ಹೆಸರಿಗಿಂತ ನೀವೇ ಕಟ್ಟಿದ ಪದವಾದರೆ ಕಾಪಾಡಿಕೊಳ್ಳೋದು ಸುಲಭ. ಮೊದಲು ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಅದೇ ಥರದ ಹೆಸರಿದೆಯಾ ಹುಡುಕಿ. ಅರ್ಜಿಯನ್ನು ಅಲ್ಲೇ ಹಾಕಬಹುದು, ಕರ್ನಾಟಕದವರಿಗೆ ಕಚೇರಿ ಚೆನ್ನೈ. ಜರ್ನಲ್‌ನಲ್ಲಿ ಅಚ್ಚಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಎತ್ತಬಹುದು. ಸಿಕ್ಕರೆ ಹತ್ತು ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವ ಮೊದಲೇ ಪ್ಯಾಕೆಟ್ ಮೇಲೆ ವೃತ್ತದೊಳಗಿನ 'ಆರ್' ಹಾಕಬೇಡಿ, ಅದು ಅಪರಾಧ. ಮತ್ತೆ, ಮೊದಲ ಗಿರಾಕಿಗೆ ಕೊಟ್ಟ ಬಿಲ್ಲಿನ ಪ್ರತಿ ಎತ್ತಿಟ್ಟಿರಿ. ನಮ್ಮ ಕಾನೂನಿನಲ್ಲಿ ಆಮೇಲೆ ಬಂದು ರಿಜಿಸ್ಟರ್ ಮಾಡಿಸಿದವರಿಗಿಂತ ಮೊದಲಿಂದ ಬಳಸುತ್ತಾ ಬಂದವರಿಗೇ ಹೆಚ್ಚು ಬೆಲೆ. ಬಿಲ್ ಪುಸ್ತಕವನ್ನೇ ಇನ್ನೂ ತಂದಿಲ್ಲವಂತೆ :)