ಪ್ರಾಯೋಜಕರಿಲ್ಲದೆ ನಿಂತ ಓಟ

ಸ್ಟಾಕ್ ಕಾರ್ ಎಂದರೆ ಹೊರನೋಟಕ್ಕೆ ಬೀದಿಯಲ್ಲಿ ಓಡಾಡುವ ಕಾರು. ಒಳಗಿರುವುದು ರೇಸಿನ ಎಂಜಿನ್. ಅಮೆರಿಕದ ನಾಸ್ಕಾರ್ ಸಂಸ್ಥೆ ಇಂಥ ಕಾರುಗಳ ಮೊದಲ ಸ್ಪರ್ಧೆಯನ್ನು 1949ರಲ್ಲಿ ಶಾರ್ಲೆಟ್‌ನಲ್ಲಿ ನಡೆಸಿದಾಗಲೇ ಸಾರಾ ಕ್ರಿಶ್ಚಿಯನ್ ಎಂಬಾಕೆ ಕಣದಲ್ಲಿದ್ದರು. ಆದರೂ 1976ರಲ್ಲಿ ಅದೇ ಊರಿಗೆ ಜಾನೆಟ್ ಗಥ್ರಿ ಬಂದಾಗ, ಹೆಂಗಸಿಗೆ 600 ಮೈಲಿ ಓಡಿಸುವ ತ್ರಾಣವೆಲ್ಲಿದೆ ಎಂಬ ಮಾತೆದ್ದಿತು. ಮರೆವು ಎಷ್ಟು ಬೇಗ!

ಗಥ್ರಿ ಹೊಸಬರೇನಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪದವೀಧರೆ, ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಸ್ಪೋರ್ಟ್ಸ್ ಕಾರ್ ರೇಸುಗಳಲ್ಲಿ 13 ವರ್ಷ ಪಳಗಿ, ತಮ್ಮ ಜಾಗ್ವಾರ್ ಕಾರಿನ ಎಂಜಿನನ್ನು ತಾವೇ ಬಿಚ್ಚಿ ಜೋಡಿಸಿದವರು. ಶಾರ್ಲೆಟ್‌ನ ಬ್ಯಾಂಕ್ ಅಧಿಕಾರಿ ಲಿಂಡಾ ಫೆರೆರಿ ಕಾರು ಒದಗಿಸಿದರು. ಗಥ್ರಿ ಓಟ ಪೂರೈಸಿ 15ನೆಯವರಾದರು.

ಮರುವರ್ಷದ ಡೇಟೋನಾ 500ರಲ್ಲಿ ಎಂಜಿನ್‌ನ ಎರಡು ಸಿಲಿಂಡರ್ ಕೈಕೊಟ್ಟರೂ 12ನೇ ಸ್ಥಾನ. ಅದೇ ವರ್ಷ ಬ್ರಿಸ್ಟಲ್‌ನಲ್ಲಿ 6ನೇ ಸ್ಥಾನ. ಇಂಡಿಯಾನಾಪೊಲಿಸ್ 500ರ ಕಾರಿನ ಬಗೆಯೇ ಬೇರೆ. ಅಲ್ಲಿಯೂ 1978ರಲ್ಲಿ, ಮುರಿದ ಮಣಿಕಟ್ಟಿನಲ್ಲೇ ಓಡಿಸಿ 9ನೆಯವರಾದರು.

ಗಥ್ರಿಯವರನ್ನು ನಿಲ್ಲಿಸಿದ್ದು ತ್ರಾಣದ ಕೊರತೆಯಲ್ಲ, ಹಣದ್ದು. ಎಂಜಿನ್, ಟೈರು, ಮೆಕ್ಯಾನಿಕ್‌ಗಳ ಖರ್ಚನ್ನು ಕಂಪನಿಗಳು ಹೊತ್ತರಷ್ಟೇ ಈ ಆಟ. ನಾಸ್ಕಾರ್‌ನ ಅಗ್ರ ಶ್ರೇಣಿಯಲ್ಲಿ ಅವರಿಗೆ ದಕ್ಕಿದ್ದು 33 ಸ್ಪರ್ಧೆಗಳು, ಕೊನೆಯದು 1980ರಲ್ಲಿ. ಆಮೇಲೂ ಪ್ರಾಯೋಜಕರ ಬಾಗಿಲು ತಟ್ಟುತ್ತಲೇ ಇದ್ದು, 1983ರಲ್ಲಿ ಕೈಬಿಟ್ಟರು. ಅವರ ಹೆಲ್ಮೆಟ್ಟು, ರೇಸಿನ ಉಡುಪು ಸ್ಮಿತ್ಸೋನಿಯನ್ ಸಂಗ್ರಹ ಸೇರಿವೆ. ನಾಸ್ಕಾರ್ ತನ್ನ ಕೀರ್ತಿಭವನದಲ್ಲಿ ಅವರನ್ನು ಗೌರವಿಸಿದ್ದು 2024ರಲ್ಲಿ. ಆಗ ಅವರಿಗೆ 85 ವರ್ಷ.